ಎಂಜಿನ್ನಿನ ಹೊಗೆಯನ್ನು ಬಚ್ಚಲಮನೆಗೆ ತರಬೇಡಿ

ಶಿರಸಿ ಕಡೆಯ ನಮ್ಮ ತೋಟದ ಮನೆಯಲ್ಲಿ ಮಳೆಗಾಲಕ್ಕೆ ಹೋದ ಕರೆಂಟು ಎರಡು ಮೂರು ದಿನ ಬಾರದಿರುವುದು ಹೊಸದಲ್ಲ. ಆದ್ದರಿಂದ, ಗೋಬರ್ ಗ್ಯಾಸಿನಿಂದಲೂ ಓಡುವಂತೆ ಮಾರ್ಪಡಿಸಿದ 5 ಕೆವಿಎ ಡೀಸೆಲ್ ಜನರೇಟರೊಂದನ್ನು, ಕರೆಂಟಿನ ಜೊತೆಗೆ ಸ್ನಾನದ ಬಿಸಿನೀರೂ ಪುಕ್ಕಟೆ ಎಂಬ ಮಾರಾಟಗಾರರ ಮಾತು ನಂಬಿ ತಂದೆವು. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಸಣ್ಣ ಎಂಜಿನ್ನು ಇಂಧನದ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ವಿದ್ಯುತ್ತಾಗಿಸುತ್ತದೆ; ಉಳಿದದ್ದರಲ್ಲಿ ಹೆಚ್ಚಿನದು ತಂಪುಗೊಳಿಸುವ ನೀರಿನಲ್ಲೂ ಹೊಗೆಯಲ್ಲೂ ಬಿಸಿಯಾಗಿ ಹೋಗುತ್ತದೆ.

ಗ್ಯಾಸಿನ ಲೆಕ್ಕವನ್ನು ನಾವು ಮೊದಲೇ ಹಾಕಬೇಕಿತ್ತು. ನಾಲ್ಕು ಹಸುಗಳ 40 ಕಿಲೋ ಸಗಣಿಯಿಂದ ದಿನಕ್ಕೆ ಸಿಗುವುದು ಸುಮಾರು ಒಂದೂವರೆ ಘನ ಮೀಟರ್ ಅನಿಲ, ಅದರಿಂದ ಹೆಚ್ಚೆಂದರೆ ಎರಡು ಯೂನಿಟ್ ಕರೆಂಟು, ಅದೂ ಅಡುಗೆಯ ಒಲೆಯನ್ನು ಆರಿಸಿಟ್ಟರೆ. ಆದರೆ ಅದು ಬರೀ ಹಣದ ನಷ್ಟ.

ಜೀವಕ್ಕೆ ಕುತ್ತಾದದ್ದು ಹೊಗೆಕೊಳವೆ. ಅದನ್ನು ಬಚ್ಚಲಮನೆಯ ನೀರಿನ ತೊಟ್ಟಿಯೊಳಗಿಂದ ಹಾಯಿಸಿ ಗೋಡೆಯಾಚೆ ಬಿಟ್ಟಿದ್ದರು. ಸಗಣಿ ಅನಿಲದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಉರಿದು ಗಂಧಕದ ಆಕ್ಸೈಡುಗಳಾಗುತ್ತದೆ. ತೊಟ್ಟಿಯ ನೀರಿಗೆ ಬಿಸಿ ಕೊಟ್ಟು ಹೊಗೆ ತಣಿದಾಗ, ಅವು ತೇವದೊಡನೆ ಸೇರಿ ಆಮ್ಲವಾಗಿ ಕೊಳವೆಯೊಳಗೆ ಹನಿಗಟ್ಟುತ್ತವೆ. ಅನಿಲವನ್ನು ತುಕ್ಕುಹಿಡಿದ ಕಬ್ಬಿಣದ ಚೂರುಗಳ ನಡುವೆ ಹಾಯಿಸಿ ಗಂಧಕ ತೆಗೆಯುವ ಡಬ್ಬಿಯನ್ನು ಅವರು ಜೋಡಿಸಿಯೇ ಇರಲಿಲ್ಲ. ಏಳು ತಿಂಗಳಲ್ಲಿ ತೊಟ್ಟಿಗೂ ಗೋಡೆಗೂ ನಡುವಿನ ಬೆಸುಗೆ ತೂತಾಯಿತು. ಬಚ್ಚಲಲ್ಲಿ ಹೊಗೆವಾಸನೆ ನಮಗೆ ಹುಟ್ಟಿನಿಂದ ರೂಢಿ, ಯಾರೂ ಗಮನಿಸಲಿಲ್ಲ. ಅದರಲ್ಲಿದ್ದ ಕಾರ್ಬನ್ ಮಾನಾಕ್ಸೈಡಿಗಂತೂ ವಾಸನೆಯೇ ಇಲ್ಲ.

ಸ್ನಾನಕ್ಕೆ ಹೋದ ತಂದೆಯವರು ತಲೆ ಸುತ್ತಿ ಬಾಗಿಲಲ್ಲೇ ಕುಸಿದರು. ಪಿತ್ತವಿರಬೇಕೆಂದು ನಿಂಬೆ ಪಾನಕ ಕೊಟ್ಟೆವು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 98 ತೋರಿಸಿದ್ದರಿಂದ ಆಸ್ಪತ್ರೆಗೆ ಹೊರಡುವುದೂ ತಡವಾಯಿತು. ಈ ವಿಷಾನಿಲವು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆಂದೂ, ಸಾಮಾನ್ಯ ಆಕ್ಸಿಮೀಟರಿಗೆ ಅವೆರಡರ ವ್ಯತ್ಯಾಸ ತಿಳಿಯದೆಂದೂ ವೈದ್ಯರು ಹೇಳಿದ ಮೇಲೆಯೇ ನಮಗೆ ಗೊತ್ತಾದದ್ದು. ಗಂಟೆಗಟ್ಟಲೆ ಆಮ್ಲಜನಕ ಕೊಟ್ಟ ನಂತರ ಅವರು ಚೇತರಿಸಿಕೊಂಡರು.

ಬಿಸಿನೀರು ಬೇಕೇ ಬೇಕೆನ್ನುವವರು ಎಂಜಿನ್ನನ್ನು ತಂಪುಗೊಳಿಸುವ ನೀರಿನ ಶಾಖವನ್ನಷ್ಟೇ ಬಳಸಿಕೊಂಡು, ಎಂಜಿನ್ನನ್ನೂ ಅದರ ಹೊಗೆಯನ್ನೂ ಮನೆಯ ಕಿಟಕಿ ಬಾಗಿಲುಗಳಿಂದ ದೂರ, ಬಯಲಲ್ಲಿ ಇರಿಸಬೇಕು. ಮಾರಾಟಗಾರರು ಈಗ ಅದೇ ಕೊಳವೆಯನ್ನು ಸ್ಟೀಲಿನಲ್ಲಿ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ಅದಕ್ಕೂ ಬೆಸುಗೆ ಹಾಕುವುದು ಬಚ್ಚಲಮನೆಯ ಒಳಗೇ ಎಂದು ಕೇಳಿ, ಬೇಡವೆಂದು ಕಳುಹಿಸಿದೆವು.