‘ಟೈಪ್-ಸಿ ಇದೆ’ ಎಂದ ಮಾತ್ರಕ್ಕೆ ದುಡ್ಡು ಕೊಡಬೇಡಿ

ಟೈಪ್-ಸಿ (ಈಗಿನ ಫೋನುಗಳಲ್ಲಿರುವ ಪುಟ್ಟ ಚಾರ್ಜಿಂಗ್ ಬಾಯಿ) ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ಅಗ್ಗದ ಎಮರ್ಜೆನ್ಸಿ ಲೈಟ್, ಟ್ರಿಮ್ಮರ್, ಪುಟ್ಟ ಫ್ಯಾನ್ ಕೊಳ್ಳಲು ಹೊರಟವರು ಒಂದು ನಿಮಿಷ ನಿಲ್ಲಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಇಂಥ ಎಮರ್ಜೆನ್ಸಿ ಲೈಟ್ ಕೊಂಡ ನನಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ.

ದುಡ್ಡು ಕೊಡುವ ಮೊದಲೇ ಕೇಳಿದ್ದೆ, ಇದಕ್ಕೆ ಬೇರೆ ಚಾರ್ಜರ್ ಬೇಕೇ ಎಂದು. “ಯಾಕೆ ಸರ್? ಟೈಪ್-ಸಿ ಅಲ್ಲವೇ, ನಿಮ್ಮ ಫೋನಿನ ಚಾರ್ಜರ್ ಸಾಕು.” ಮನೆಯಲ್ಲಿ ಸಿಕ್ಕಿಸಿದರೆ ಕೆಂಪು ದೀಪವೂ ಹತ್ತಲಿಲ್ಲ. ಅದೇ ಚಾರ್ಜರ್, ಅದೇ ವೈರಿನಲ್ಲಿ ಫೋನು, ಟ್ಯಾಬು ಎಲ್ಲ ಚಾರ್ಜ್ ಆಗುತ್ತವೆ!

ವಾಪಸ್ ಒಯ್ದೆ. ಅಂಗಡಿಯವ ಗಲ್ಲಾದ ಪಕ್ಕದಲ್ಲಿದ್ದ ಹಳೆಯ ಅಗಲ ಬಾಯಿಯ ಯುಎಸ್‌ಬಿ-ಎ ಅಡಾಪ್ಟರಿಗೆ ಡಬ್ಬಿಯಲ್ಲೇ ಬಂದಿದ್ದ ಮೋಟು ವೈರ್ ಸಿಕ್ಕಿಸಿದ. ಕೆಂಪು ದೀಪ ಹತ್ತಿತು. “ನೋಡಿ ಸರ್, ಮಾಲು ಸರಿಯಾಗಿದೆ. ನಿಮ್ಮ ಚಾರ್ಜರೇ ಡೂಪ್ಲಿಕೇಟ್ ಇರಬೇಕು.” ನಿಂತಿದ್ದ ಗಿರಾಕಿಗಳೆಲ್ಲ ನನ್ನ ಮುಖ ನೋಡಿದರು. ನನ್ನದು ಫೋನಿನ ಕಂಪನಿಯದೇ ಚಾರ್ಜರ್, ಡೂಪ್ಲಿಕೇಟ್ ನನ್ನದಂತೆ! ಹಾಗಾದರೆ ಟೈಪ್-ಸಿ ಎಂದದ್ದು ಏಕೆ? “ತೂತು ಟೈಪ್-ಸಿಯೇ ಇದೆಯಲ್ಲ ಸರ್.” ತೂತು ಇದೆಯಂತೆ!

ಮೊಬೈಲ್ ರಿಪೇರಿ ಮಾಡುವ ಗೆಳೆಯ ಬಿಚ್ಚಿ ತೋರಿಸಿದ. ಎರಡೂ ತುದಿಯಲ್ಲಿ ಸಿ ಇರುವ ನನ್ನಂಥ ವೈರ್ ಹಾಕಿದಾಗ ಚಾರ್ಜರ್ ತಾನಾಗಿ ಕರೆಂಟ್ ಬಿಡುವುದಿಲ್ಲ. ಆ ಕಡೆಯ ಉಪಕರಣದಲ್ಲಿ 5.1 ಕಿಲೋಓಮ್ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ) ಇದೆ ಎಂದು ಗೊತ್ತಾದ ಮೇಲಷ್ಟೇ 5 ವೋಲ್ಟ್ ಕೊಡುತ್ತದೆ. ಸಾಸಿವೆಗಿಂತ ಚಿಕ್ಕದಾದ ಎರಡು ರೆಸಿಸ್ಟರ್, ಬೆಲೆ ಪೈಸೆಗಳಲ್ಲಿ. ನನ್ನ ಲೈಟಿನ ಬೋರ್ಡಿನಲ್ಲಿ ಆ ಜಾಗ ಖಾಲಿ! ಹಳೆಯ ಎ ಬಾಯಿ ಏನನ್ನೂ ವಿಚಾರಿಸದೆ 5 ವೋಲ್ಟ್ ಸುರಿಯುತ್ತದೆ, ಅಂಗಡಿಯಲ್ಲಿ ದೀಪ ಹತ್ತಿದ ಗುಟ್ಟು ಅಷ್ಟೇ. ಅಂಗಡಿಯವನಿಗೆ ಇದು ಗೊತ್ತಿಲ್ಲವೇ? ಗೊತ್ತಿಲ್ಲದಿದ್ದರೆ ಕೈ ನೇರವಾಗಿ ಹಳೆಯ ಅಡಾಪ್ಟರಿಗೇ ಏಕೆ ಹೋಯಿತು?

ಐಫೋನ್ 2023ರಲ್ಲಿ ಟೈಪ್-ಸಿಗೆ ಬಂತು. ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನು, ಟ್ಯಾಬು, ಕ್ಯಾಮೆರಾಗಳಿಗೆ ಅದು ಕಡ್ಡಾಯ. ಇನ್ನು ಒಂದೇ ಚಾರ್ಜರ್ ಸಾಕು ಎಂದು ಹಳೆಯವನ್ನೆಲ್ಲ ಗುಜರಿಗೆ ಹಾಕಿದ್ದೆ. ಈಗ ಈ ಲೈಟಿಗಾಗಿ ಹಳೆಯ ಅಡಾಪ್ಟರ್ ಹುಡುಕಬೇಕು. ಹಣವೂ ವಾಪಸ್ ಇಲ್ಲ. “ಬೇಕಾದರೆ ಅಡಾಪ್ಟರ್ ಕಡಿಮೆ ಬೆಲೆಗೆ ಕೊಡುತ್ತೇನೆ ಸರ್” ಎಂಬ ಉಪಕಾರ ಬೇರೆ!

ಅಂಗಡಿಗೆ ಹೋಗುವಾಗ ನಿಮ್ಮದೇ ಚಾರ್ಜರ್, ಎರಡೂ ತುದಿ ಸಿ ಇರುವ ನಿಮ್ಮದೇ ವೈರ್ ಒಯ್ಯಿರಿ. ಅದರಲ್ಲಿ ದೀಪ ಹತ್ತಿದ ಮೇಲೆ ಬಿಲ್ ಮಾಡಿಸಿ. ಅವರ ವೈರ್ ಮುಟ್ಟಲೇಬೇಡಿ.