ಯೌವನ ಮರಳಿಸುವ ಕಾಂಡಕೋಶದ ಡ್ರಿಪ್: ಹಣ ಕಟ್ಟುವ ಮುನ್ನ ಇದನ್ನು ಓದಿ

ಮುಪ್ಪಾದ ಜೀವಕೋಶಗಳಿಗೆ ಮತ್ತೆ ಯೌವನ ತುಂಬುತ್ತೇವೆಂದು ಹೇಳಿಕೊಂಡು ಕಾಂಡಕೋಶಗಳನ್ನು (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳನ್ನು) ರಕ್ತನಾಳಕ್ಕೆ ಹರಿಸುವ ಚಿಕಿತ್ಸಾಲಯವೊಂದರಲ್ಲಿ ನನ್ನ ಸೋದರಮಾವ ಚಿಕಿತ್ಸೆ ಪಡೆದರು. ಅದೇ ರಾತ್ರಿ ಅವರಿಗೆ ಮೈ ನಡುಗಿಸುವ ಚಳಿಜ್ವರ ಬಂದಿತು. ಬೆಳಗಾಗುವಷ್ಟರಲ್ಲಿ ರಕ್ತದೊತ್ತಡ ಕುಸಿದು, ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಯಿತು. ರಕ್ತದ ಕಲ್ಚರ್ ಪರೀಕ್ಷೆಯಲ್ಲಿ ಇ. ಕೊಲೈ ಬ್ಯಾಕ್ಟೀರಿಯಾ ಕಂಡುಬಂದಿತು. ಮಂಡಿನೋವು ಮತ್ತು ವಯಸ್ಸಿಗೆ ಸಹಜವಾದ ಆಯಾಸದ ಹೊರತು ಅವರಿಗೆ ಅದಕ್ಕೆ ಮೊದಲು ಯಾವ ಕಾಯಿಲೆಯೂ ಇರಲಿಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಯೌವನದ ಹೆಸರಿನಲ್ಲಿ ಈ ಚಿಕಿತ್ಸೆಯನ್ನು ಮಾರುವವರು ಹುಡುಕುವುದು ರೋಗಿಗಳನ್ನಲ್ಲ, ಆರೋಗ್ಯವಾಗಿರುವ ಹಿರಿಯರನ್ನು.

ಡ್ರಿಪ್‌ನಲ್ಲಿ ಕೊಟ್ಟದ್ದು ಯಾರ ದೇಹದಿಂದ ಬಂದ ಕೋಶಗಳು, ಅವನ್ನು ಎಲ್ಲಿ ಸಂಸ್ಕರಿಸಲಾಗಿತ್ತು, ಆ ಬ್ಯಾಚಿಗೆ ಸೋಂಕಿನ ಪರೀಕ್ಷೆ ನಡೆದಿತ್ತೇ ಎಂದು ಆಸ್ಪತ್ರೆಯ ವೈದ್ಯರು ಕೇಳಿದರು. ನಾವು ಚಿಕಿತ್ಸಾಲಯಕ್ಕೆ ಕರೆ ಮಾಡಿದಾಗ ಸಿಕ್ಕ ಮೊದಲ ಉತ್ತರ, ಜ್ವರ ಬಂದದ್ದು ಹೊಸ ಕೋಶಗಳು ಕೆಲಸ ಆರಂಭಿಸಿರುವುದರ ಲಕ್ಷಣ ಎಂಬುದಾಗಿತ್ತು. ಪಟ್ಟು ಹಿಡಿದ ಮೇಲೆ, ಹೊಕ್ಕುಳಬಳ್ಳಿಯಿಂದ ತೆಗೆದ ಉತ್ಪನ್ನ ಎಂಬಷ್ಟನ್ನು ಮಾತ್ರ ಹೇಳಿದರು. ಕೊನೆಗೆ, ಅಪಾಯಗಳನ್ನು ತಿಳಿದೇ ಸಹಿ ಹಾಕಿದ್ದೀರಿ ಎಂದು ಒಪ್ಪಿಗೆ ಪತ್ರವನ್ನು ತೋರಿಸಿದರು. ಅದರ ಜೊತೆಗೆ, ಮಾವ ಗುಣವಾದ ಮೇಲೆ ಇನ್ನೊಂದು ಡ್ರಿಪ್ ಅನ್ನು ಉಚಿತವಾಗಿ ಕೊಡುವುದಾಗಿಯೂ ಹೇಳಿದರು. ಮಾವ ಬದುಕುಳಿದರು, ಆದರೆ ಮೂತ್ರಪಿಂಡಗಳಿಗೆ ಬಿದ್ದ ಪೆಟ್ಟಿನಿಂದ ಅವರು ಇನ್ನೂ ಚೇತರಿಸಿಕೊಳ್ಳುತ್ತಿದ್ದಾರೆ.

ಚಿಕಿತ್ಸಾಲಯದ ಕೈಪಿಡಿಯಲ್ಲಿರುವ ವಿಜ್ಞಾನ ಬಹುಪಾಲು ಸುಳ್ಳಲ್ಲ. ಮೋಸ ಅಡಗಿರುವುದೂ ಅಲ್ಲಿಯೇ. ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕಾ ಅವರು 2006ರಲ್ಲಿ ಇಲಿಯ ಚರ್ಮದ ಕೋಶಗಳಿಗೆ ನಾಲ್ಕು ಜೀನ್‌ಗಳನ್ನು ಸೇರಿಸಿ ಅವನ್ನು ಭ್ರೂಣದ ಕಾಂಡಕೋಶಗಳನ್ನು ಹೋಲುವ ಸ್ಥಿತಿಗೆ ಮರಳಿಸಿದ್ದು, 2012ರಲ್ಲಿ ಬ್ರಿಟನ್ನಿನ ವಿಜ್ಞಾನಿ ಜಾನ್ ಗರ್ಡನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡದ್ದು ನಿಜ. ಅಮೆರಿಕದ ಸಾಲ್ಕ್ ಸಂಸ್ಥೆಯ ಸಂಶೋಧಕರು 2016ರಲ್ಲಿ, ಅಕಾಲಿಕವಾಗಿ ಮುಪ್ಪಾಗುವಂತೆ ರೂಪಿಸಿದ ಇಲಿಗಳಲ್ಲಿ ಅದೇ ಜೀನ್‌ಗಳನ್ನು ಆಗಾಗ ಅಲ್ಪಕಾಲ ಮಾತ್ರ ಚಾಲನೆಗೊಳಿಸಿ, ಮುಪ್ಪಿನ ಕೆಲವು ಚಿಹ್ನೆಗಳು ತಗ್ಗುವುದನ್ನು ಕಂಡದ್ದೂ ನಿಜ. ಆದರೆ ಆ ಜೀನ್‌ಗಳು ಬಿಡುವಿಲ್ಲದೆ ಚಾಲನೆಯಲ್ಲಿದ್ದರೆ ಕೋಶಗಳು ತಮ್ಮ ಗುರುತನ್ನೇ ಕಳೆದುಕೊಂಡು ಗಡ್ಡೆಗಳಾಗುತ್ತವೆ ಎಂಬ ಮಾತು ಕೈಪಿಡಿಯಲ್ಲಿ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಾವನಿಗೆ ಕೊಟ್ಟ ಸೀಸೆಗೂ ಈ ಯಾವ ಪ್ರಯೋಗಕ್ಕೂ ಸಂಬಂಧವೇ ಇರಲಿಲ್ಲ. ಯಾರದೋ ಮದುವೆಯ ಆಲ್ಬಮ್ ತೋರಿಸಿ ತನ್ನ ಮಗಳಿಗೆ ಗಂಡು ಹುಡುಕಿದಂತಿದೆ ಈ ವ್ಯವಹಾರ.

ಹೊಕ್ಕುಳಬಳ್ಳಿಯಿಂದಲೋ ಕೊಬ್ಬಿನಿಂದಲೋ ತೆಗೆದ ಈ ಬಗೆಯ ಕೋಶಗಳನ್ನು ರಕ್ತನಾಳಕ್ಕೆ ಹರಿಸಿದಾಗ, ಅವುಗಳಲ್ಲಿ ಬಹುಪಾಲು ಶ್ವಾಸಕೋಶದ ಸೂಕ್ಷ್ಮ ನಾಳಗಳಲ್ಲೇ ಸಿಕ್ಕಿಕೊಂಡು ಕೆಲವೇ ದಿನಗಳಲ್ಲಿ ಸಾಯುತ್ತವೆ. ಅವು ಹೃದಯ, ಮಿದುಳು, ಚರ್ಮಗಳನ್ನು ಹುಡುಕಿಕೊಂಡು ಹೋಗಿ ಮುಪ್ಪಾದ ಕೋಶಗಳ ಜಾಗದಲ್ಲಿ ನೆಲೆಸುತ್ತವೆ ಎಂಬುದು ಜಾಹೀರಾತಿನ ಚಿತ್ರ, ಅಷ್ಟೆ. ರಕ್ತದ ಕ್ಯಾನ್ಸರಿನಂಥ ರೋಗಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿ ದಶಕಗಳಿಂದ ಜೀವ ಉಳಿಸುತ್ತಿದೆ. ಅದು ರಕ್ತ ಉತ್ಪಾದಿಸುವ ಕಾಂಡಕೋಶಗಳ ಚಿಕಿತ್ಸೆ. ಅದನ್ನು ಉದಾಹರಿಸಿ ಯೌವನದ ಡ್ರಿಪ್ ಮಾರುವವರು ಎರಡು ಬೇರೆ ಬೇರೆ ಕೋಶಗಳನ್ನು ಒಂದೇ ಹೆಸರಿನ ಅಡಿಯಲ್ಲಿ ಬೆರೆಸುತ್ತಿರುತ್ತಾರೆ.

ಮಾವನಿಗೆ ಆದದ್ದು ಹೊಸದೇನೂ ಅಲ್ಲ ಎಂಬುದು ಆಮೇಲೆ ತಿಳಿಯಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹೊಕ್ಕುಳಬಳ್ಳಿಯ ರಕ್ತದಿಂದ ತಯಾರಿಸಿದ ಉತ್ಪನ್ನಗಳನ್ನು ಪಡೆದ 12 ಮಂದಿ ಸೋಂಕಿನಿಂದ ಆಸ್ಪತ್ರೆ ಸೇರಿದ್ದರು. ಮುಚ್ಚಳವನ್ನೇ ತೆಗೆಯದ ಸೀಸೆಗಳಲ್ಲಿಯೂ ಬ್ಯಾಕ್ಟೀರಿಯಾ ಸಿಕ್ಕಿತ್ತು. ಹೀಗಾಗಿ, ಸೂಜಿ ಚುಚ್ಚಿದವರು ಎಷ್ಟೇ ಶುಚಿಯಾಗಿದ್ದರೂ ಪ್ರಯೋಜನವಿಲ್ಲ. ಪರರ ಕೋಶ ಬೇಡ, ನಮ್ಮದೇ ಕೊಬ್ಬಿನ ಕೋಶಗಳಾದರೆ ಅಪಾಯವಿಲ್ಲ ಎಂದುಕೊಳ್ಳುವವರು ಫ್ಲಾರಿಡಾದ ಮೂವರು ಮಹಿಳೆಯರ ಪ್ರಕರಣವನ್ನು ನೆನಪಿಡಬೇಕು. ವಯಸ್ಸಿನಿಂದ ಬರುವ ಅಕ್ಷಿಪಟಲದ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರದ) ಸವೆತಕ್ಕೆಂದು ಅವರ ಕೊಬ್ಬಿನಿಂದಲೇ ತೆಗೆದ ಕೋಶಗಳನ್ನು ಎರಡೂ ಕಣ್ಣುಗಳಿಗೆ ಚುಚ್ಚಲಾಯಿತು, ಅಕ್ಷಿಪಟಲ ಕಳಚಿಕೊಂಡು ಅವರು ದೃಷ್ಟಿ ಕಳೆದುಕೊಂಡರು. 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದ ಈ ಪ್ರಕರಣದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಆ ಚಿಕಿತ್ಸಾಲಯದ ಅಧ್ಯಯನವೊಂದು ಅಮೆರಿಕ ಸರ್ಕಾರದ ಕ್ಲಿನಿಕಲ್ ಟ್ರಯಲ್ ಪಟ್ಟಿಯಲ್ಲಿ ನೋಂದಣಿಯಾಗಿತ್ತು. ಪಟ್ಟಿಯಲ್ಲಿ ಹೆಸರಿರುವುದು ಅನುಮತಿಯಲ್ಲ. ಪ್ರಯೋಗ ಎನ್ನುತ್ತಲೇ ಭಾಗವಹಿಸುವವರಿಂದ ಪೂರ್ತಿ ಶುಲ್ಕ ವಸೂಲು ಮಾಡುತ್ತಿದ್ದರೆ, ಅಲ್ಲಿಂದ ಎದ್ದು ಬರುವುದೇ ಲೇಸು.

ಚಿಕಿತ್ಸೆಗೆ ಮೊದಲು ಮತ್ತು ನಂತರ, ದೇಹ ಎಷ್ಟು ಮುಪ್ಪಾಗಿದೆ ಎಂದು ಅಂದಾಜಿಸುವ ಜೈವಿಕ ವಯಸ್ಸಿನ ಪರೀಕ್ಷೆ ಮಾಡಿ, ಇಷ್ಟು ವರ್ಷ ಕಡಿಮೆಯಾಯಿತೆಂದು ವರದಿ ಕೊಡುವುದು ಇವರ ಇನ್ನೊಂದು ರೂಢಿ. ಒಂದೇ ರಕ್ತದ ಮಾದರಿಯನ್ನು ಎರಡು ಸಲ ಪರೀಕ್ಷಿಸಿದರೂ ಇಂಥ ಪರೀಕ್ಷೆಗಳಲ್ಲಿ ಕೆಲವು ವರ್ಷಗಳ ವ್ಯತ್ಯಾಸ ಬರಬಹುದಾದ್ದರಿಂದ, ಆ ಕಾಗದವನ್ನು ಸಾಕ್ಷಿಯೆಂದು ಒಪ್ಪಬೇಡಿ. ಇತ್ತೀಚೆಗೆ ಕೋಶಗಳ ಬದಲು ಎಕ್ಸೋಸೋಮ್ (ಕೋಶಗಳು ಹೊರಹಾಕುವ ಅತಿಸೂಕ್ಷ್ಮ ಚೀಲಗಳು) ಎಂಬ ಹೆಸರು ಚಾಲ್ತಿಗೆ ಬಂದಿದೆ; ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅದರ ಬಗ್ಗೆಯೂ 2019ರಲ್ಲೇ ಸಾರ್ವಜನಿಕ ಎಚ್ಚರಿಕೆ ನೀಡಿದೆ.

ಈಗಾಗಲೇ ಇಂಥ ಡ್ರಿಪ್ ಹಾಕಿಸಿಕೊಂಡವರಿಗೆ ಜ್ವರ, ನಡುಕ, ಉಸಿರಾಟದ ತೊಂದರೆ ಅಥವಾ ಚುಚ್ಚಿದ ಜಾಗದಲ್ಲಿ ಊತ ಕಂಡರೆ, ಚಿಕಿತ್ಸಾಲಯದ ಸಮಾಧಾನದ ಮಾತಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಏನು ಕೊಡಲಾಗಿತ್ತೆಂಬುದನ್ನು ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಿರಿ. ಸೀಸೆಯ ಚೀಟಿಯ ಛಾಯಾಚಿತ್ರ, ಬ್ಯಾಚ್ ಸಂಖ್ಯೆ ಮತ್ತು ರಸೀದಿಯನ್ನು ಜೋಪಾನವಾಗಿಡಿ. ಔಷಧ ನಿಯಂತ್ರಣ ಇಲಾಖೆಗೆ ನಾವು ಕೊಟ್ಟ ದೂರು ಮುಂದಕ್ಕೆ ಹೋದದ್ದು ಆ ಚೀಟಿಯ ಚಿತ್ರವೊಂದು ನಮ್ಮ ಬಳಿ ಇದ್ದುದರಿಂದಲೇ.