ಹತ್ತು ಕಡ್ಡಿಯ ಯಾಗಿ ಟಿವಿ ಆಂಟೆನಾ: ಆರು ತಿಂಗಳು ಬಳಸಿದ ಮೇಲೆ

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 'ಡಿಜಿಟಲ್ ಎಚ್‌ಡಿ ಆಂಟೆನಾ' ಅಂತಿದೆ. ಆ ಮಾತು ನನಗೆ ಹಿಡಿಸಲಿಲ್ಲ. ಆಂಟೆನಾಗೆ ಡಿಜಿಟಲ್, ಅನಲಾಗ್ ಎಂಬ ಭೇದವಿಲ್ಲ. ಅದು ರೇಡಿಯೋ ಅಲೆ ಹಿಡಿಯುತ್ತದೆ, ಅಷ್ಟೇ.

ಒಳಗಿರುವುದು ಅದೇ ಹಳೆಯ ಯಾಗಿ-ಉದಾ ವಿನ್ಯಾಸ. 1926ರಲ್ಲಿ ಜಪಾನಿನಲ್ಲಿ ಹುಟ್ಟಿದ್ದು. ಹೆಚ್ಚಿನ ಕೆಲಸ ಶಿಂತಾರೊ ಉದಾ ಅವರದು, ಆದರೆ ಜನರ ಬಾಯಲ್ಲಿ ಉಳಿದದ್ದು ಹಿದೆತ್ಸುಗು ಯಾಗಿ ಅವರ ಹೆಸರು. ಅದು ನನಗೆ ಈಗಲೂ ಬೇಸರ. ಅದೇ ವರ್ಷ ಜನವರಿಯಲ್ಲಿ ಜಾನ್ ಲೋಗಿ ಬೇರ್ಡ್ ಲಂಡನ್ನಿನಲ್ಲಿ 30 ಗೆರೆಗಳ ಟಿವಿ ಚಿತ್ರ ತೋರಿಸಿದ್ದರು. ಚಿತ್ರವನ್ನು ಗೆರೆಗೆರೆಯಾಗಿ ಬಿಡಿಸುತ್ತಿದ್ದ ಬೇರ್ಡ್ ಅವರ ತಿರುಗುವ ತಟ್ಟೆ ಯಾವತ್ತೋ ಮೂಲೆ ಸೇರಿತು. ಈ ಕಡ್ಡಿಗಳು ಇವತ್ತಿಗೂ ಮಾಳಿಗೆ ಮೇಲಿವೆ!

ಹಿಂದೆ ಅಲೆಯನ್ನು ಮುಂದಕ್ಕೆ ತಿರುಗಿಸುವ ಒಂದು ರಿಫ್ಲೆಕ್ಟರ್, ನಂತರ ಕೇಬಲ್ ಸೇರುವ ಮಡಚಿದ ಡೈಪೋಲ್, ಮುಂದೆ ಅಲೆಯನ್ನು ಅದರತ್ತ ಒಯ್ಯುವ ಎಂಟು ಡೈರೆಕ್ಟರ್. ಡೈಪೋಲ್ ಹಿಡಿಯುವ ಅಲೆಯ ಸುಮಾರು ಅರ್ಧ ಉದ್ದವಿರಬೇಕು. ಡೈಪೋಲನ್ನು ಸ್ಕೇಲಿಟ್ಟು ಅಳೆದೆ, 24 ಸೆಂ.ಮೀ. 600 ಮೆಗಾಹರ್ಟ್ಸ್ ಅಲೆಯ ಉದ್ದ 50 ಸೆಂ.ಮೀ., ಅದರ ಅರ್ಧಕ್ಕಿಂತ ಚೂರು ಕಮ್ಮಿ. ಲೆಕ್ಕ ಸರಿಯಾಗಿದೆ.

ಮೊದಲು ಕಿಟಕಿಗೆ ಅಂಟಿಸುವ ಚಪ್ಪಟೆ ಆಂಟೆನಾ ಇತ್ತು. ಯಾರಾದರೂ ಎದುರು ಹಾದುಹೋದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತಿತ್ತು. ಅನಲಾಗ್ ಕಾಲದಲ್ಲಿ ಸಿಗ್ನಲ್ ಸೊರಗಿದರೆ ಪರದೆ ತುಂಬಾ ಚುಕ್ಕಿ, ಅಲೆ ಗೋಡೆಗೆ ಬಡಿದು ತಡವಾಗಿ ಬಂದರೆ ಪಕ್ಕದಲ್ಲೊಂದು ನೆರಳು ಚಿತ್ರ. ಅದನ್ನೇ ನೋಡುತ್ತಾ ಕಂಬ ತಿರುಗಿಸುತ್ತಿದ್ದೆವು, ಅಲ್ವಾ? ಡಿಜಿಟಲ್‌ನಲ್ಲಿ ಆ ಸುಳಿವಿಲ್ಲ. ಒಂದು ಮಟ್ಟದವರೆಗೆ ಚಿತ್ರ ಚೊಕ್ಕವಾಗಿರುತ್ತದೆ, ಅದರಿಂದ ಕೆಳಗಿಳಿದರೆ ಚೌಕಚೌಕವಾಗಿ ಒಡೆದು ಮಾಯವಾಗುತ್ತದೆ. ಅದಕ್ಕೇ ಚಾನೆಲ್ ಆರಿಸಿ ಹಿಡಿಯುವ ಟ್ಯೂನರ್‌ನ ಸಿಗ್ನಲ್ ಗುಣಮಟ್ಟದ ಪುಟ ತೆರೆದಿಟ್ಟು, ಚೂರುಚೂರೇ ತಿರುಗಿಸಿ, ಪ್ರತಿ ಸಲ ಕೆಲವು ಸೆಕೆಂಡು ಕಾಯಬೇಕು. ನನಗೆ ಗುಣಮಟ್ಟದ ಅಂಕಿ 41ರಿಂದ 78ಕ್ಕೆ ಏರಿತು. ಆರು ತಿಂಗಳಲ್ಲಿ ಒಮ್ಮೆಯೂ ಚಿತ್ರ ಒಡೆದಿಲ್ಲ.

ದೂರುಗಳೂ ಇವೆ. ಕೇಬಲ್ ಸೇರುವ ಡಬ್ಬಿಯ ಮುಚ್ಚಳ ಸಡಿಲ. ಮೊದಲ ಮಳೆಗೇ ನೀರು ಹೊಕ್ಕು ತಾಮ್ರ ಹಸಿರಾಯಿತು, ಸಿಲಿಕೋನ್ ಹಚ್ಚಿ ಮುಚ್ಚಿದೆ. ಕಡ್ಡಿಗಳು ಅಡ್ಡ ಇರಬೇಕೋ ನೆಟ್ಟಗೋ ಅನ್ನುವುದು ನಿಮ್ಮ ಟವರ್ ಹೇಗೆ ಪ್ರಸಾರ ಮಾಡುತ್ತದೆ ಅನ್ನುವುದರ ಮೇಲಿದೆ. ಕೈಪಿಡಿಯಲ್ಲಿ ಇದರ ಸೊಲ್ಲೇ ಇಲ್ಲ. ಜೊತೆಗೆ ಕೊಟ್ಟ, ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಸುಮ್ನೆ ಹಾಕಬೇಡಿ. ಟವರ್ ಹತ್ತಿರವಿದ್ದರೆ ಸಿಗ್ನಲ್ ಜಾಸ್ತಿಯಾಗಿ ಟ್ಯೂನರ್ ತಬ್ಬಿಬ್ಬಾಗುತ್ತದೆ.

ಕೊಳ್ಳುವ ಮುಂಚೆ ನಿಮ್ಮ ಚಾನೆಲ್ ಯಾವ ಬ್ಯಾಂಡಿನಲ್ಲಿದೆ ನೋಡಿ. ಇದು ಯುಎಚ್‌ಎಫ್‌ಗೆ, ಅಂದರೆ ಗಿಡ್ಡ ಅಲೆಗಳ ಬ್ಯಾಂಡಿಗೆ ಮಾತ್ರ. ವಿಎಚ್‌ಎಫ್‌ನ 200 ಮೆಗಾಹರ್ಟ್ಸ್ ಹಿಡಿಯಲು, ಅಲ್ಲಿ ಅಲೆ ಉದ್ದವಾದ್ದರಿಂದ, 75 ಸೆಂ.ಮೀ. ಹತ್ತಿರದ ಡೈಪೋಲ್ ಬೇಕು.